ಅವರಿಬ್ಬರ ಕಾರ್ಡು

ಸಿನಿಮಾದ ಶುರುವಿನಲ್ಲಿ ತೆರೆಯ ಮೇಲೆ ಬರುವ ಹೆಸರುಗಳನ್ನು ಗಂಡ ಬರೆಯುತ್ತಿದ್ದ. ಹೆಸರಿನ ಒಂದೊಂದು ಕಾರ್ಡು ತೆರೆಯ ಮೇಲೆ ಎಷ್ಟು ಹೊತ್ತು ನಿಲ್ಲಬೇಕೆಂಬುದು ಹೆಂಡತಿಯ ಲೆಕ್ಕ. ಆಕೆ ನಿಧಾನವಾಗಿ, ಗಟ್ಟಿಯಾಗಿ ಓದಿ ಮುಗಿಸಿದ ಮೇಲೆಯೇ ಸಂಕಲನಕಾರ ಮುಂದಿನದಕ್ಕೆ ಹೋಗುತ್ತಿದ್ದ.

ತಮ್ಮಿಬ್ಬರ ಹೆಸರಿದ್ದ ಕಾರ್ಡನ್ನು ಮಾತ್ರ ಆಕೆ ಎಂದೂ ಓದಿದವಳಲ್ಲ. ಹೆಸರು ಹಿಡಿದು ಹೇಳಿದರೆ ಗಂಡನ ಆಯುಸ್ಸು ಕಮ್ಮಿಯಾಗುತ್ತದೆಂದು ಅಮ್ಮ ಕಲಿಸಿದ್ದಳು. ಹಾಗಾಗಿ ಎಲ್ಲ ಸಿನಿಮಾಗಳಲ್ಲೂ ಆ ಕಾರ್ಡು ಕಣ್ಣು ಮಿಟುಕಿಸುವಷ್ಟರಲ್ಲಿ ಹೋಗಿಬಿಡುತ್ತಿತ್ತು. ಗಂಡ ಅದನ್ನು ನೋಡಿ ನಗುತ್ತಿದ್ದ.

ಈ ಸಲ ಸಂಕಲನದ ಕೋಣೆಗೆ ಆಕೆ ಒಬ್ಬಳೇ ಬಂದು ಕುಳಿತಳು.

"ಆಸ್ಪತ್ರೆಯಿಂದ ಸೀದಾ ಬಂದ್ರಾ ಅಮ್ಮಾ?" ಸಂಕಲನಕಾರ ಕೇಳಿದ.

"ಹೂಂ. ನಾಳೆ ಸಿನಿಮಾ ಬಿಡುಗಡೆ ಅಲ್ವಾ."

"ಯಜಮಾನ್ರು ಹೇಗಿದಾರೆ?"

"ಮಲಗಿದಾರೆ. ನೀನು ಶುರು ಮಾಡಪ್ಪ."

ನಟನಟಿಯರ ಹೆಸರುಗಳಾದವು, ಹಾಡು ಬರೆದವರದಾಯಿತು. ಆಕೆಯ ದನಿ ಎಲ್ಲೂ ಏರಲಿಲ್ಲ, ಇಳಿಯಲಿಲ್ಲ. ಆಮೇಲೆ ಅವರಿಬ್ಬರ ಕಾರ್ಡು ಬಂತು.

"ಇದನ್ನ ಯಾವಾಗಿನ ಥರ ನಾನೇ ಬೇಗ ದಾಟಿಸ್ತೀನಿ ಬಿಡಿ," ಎಂದ ಸಂಕಲನಕಾರ.

"ಬೇಡ, ಇರಲಿ. ಇನ್ನು ಓದಬಹುದು," ಎಂದಳು.

ಆಮೇಲೆ ತೆರೆಯನ್ನೇ ನೋಡುತ್ತ, ಉಳಿದವರ ಹೆಸರುಗಳನ್ನು ಓದಿದಷ್ಟೇ ನಿಧಾನವಾಗಿ, ಗಟ್ಟಿಯಾಗಿ ಓದಿದಳು: "ಚಂದ್ರಮೌಳಿ."