ಎರಡು ಸಲ ಕುಲುಕು

“ಸಹಿ ಹಾಕೇ ಬೇಗ. ಗಾಳಿ ತಿರುಗೋದರೊಳಗೆ ಹುಡುಗಿ ಒಂದು ಸುತ್ತು ಹೊಡೆದು ಬರಲಿ,” ಎಂದು ಮೇಷ್ಟ್ರು ಶೆಡ್ಡಿನ ಮುಂದೆ ನಿಂತಿದ್ದ ವಿಮಾನದ ರೆಕ್ಕೆ ತಟ್ಟುತ್ತಾ ತಂಗಿಯನ್ನು ಅವಸರಪಡಿಸಿದರು.

ಆ ಪುಟ್ಟ ಶಾಲೆಯಲ್ಲಿ ವಿಮಾನ ಹಾರಿಸುವುದನ್ನು ಕಲಿಸುವವರು ಅಣ್ಣ. ವಿಮಾನಗಳ ರಿಪೇರಿ, ತಪಾಸಣೆ ತಂಗಿಯದು. ಅವಳ ಸಹಿ ಬೀಳದೆ ಒಂದು ಗಾಲಿಯೂ ಉರುಳುವಂತಿರಲಿಲ್ಲ. ಇವತ್ತು ಪಕ್ಕದಲ್ಲಿ ಯಾರೂ ಇಲ್ಲದೆ ಮೊದಲ ಸಲ ಹಾರಬೇಕಾದವಳು ಮೇಷ್ಟ್ರ ಮಗಳೇ. ಅವಳಮ್ಮ ಮೈದಾನದಾಚೆ ಬೇಲಿಯ ಹತ್ತಿರ ಕುರ್ಚಿ ಹಾಕಿಸಿಕೊಂಡು, ಮದುವೆಮನೆಯಲ್ಲಿ ಮುಂದಿನ ಸಾಲು ಹಿಡಿದವರ ಹಾಗೆ ಆಗಲೇ ಕೂತಾಗಿತ್ತು. ಇಂಥ ದಿನವೇ ಮೇಲಿನಿಂದ ಆದೇಶ ಬಂದಿತ್ತು: ಈ ಮಾದರಿಯ ವಿಮಾನಗಳಲ್ಲಿ ಪೈಲಟ್ ಸೀಟು ಜರುಗುವ ಹಳಿಯನ್ನೂ, ಅದನ್ನು ಹಿಡಿದು ನಿಲ್ಲಿಸುವ ಪಿನ್ನನ್ನೂ ಪರೀಕ್ಷಿಸದೆ ಹಾರಿಸಕೂಡದು.

“ಹಳಿಯ ತೂತುಗಳು ಎಷ್ಟು ಸವೆದಿವೆ ಅಂತ ಅಳೆಯೋದು ಬಾಕಿ ಇದೆ ಅಣ್ಣ. ಸೀಟು ಬಿಚ್ಚಬೇಕು. ಮಧ್ಯಾಹ್ನ ಆಗತ್ತೆ.”

“ಮಧ್ಯಾಹ್ನ ಈ ಗಾಳಿ ಇರಲ್ಲ, ಇವಳ ಧೈರ್ಯಾನೂ ಇರಲ್ಲ. ಮೊಸರಲ್ಲಿ ಕಲ್ಲು ಹುಡುಕ್ಬೇಡ. ಬೆಳಗ್ಗೆ ನೀನೇ ಕೂತು ನೋಡಿದೆಯಲ್ಲ, ಅಲ್ಲಾಡ್ತಾ?”

ಅಲ್ಲಾಡಿರಲಿಲ್ಲ. ಶಾಲೆಯವರೆಲ್ಲ ‘ಅಜ್ಜಿ’ ಎಂದು ಕರೆಯುತ್ತಿದ್ದ ಆ ಹಳೆಯ ವಿಮಾನದಲ್ಲಿ ಅವಳೇ ಕೂತು, ಜರುಗಿಸಿ, ಬೆನ್ನು ಕೊಟ್ಟು ತಳ್ಳಿ ನೋಡಿದ್ದಳು. ಸೀಟು ಜಪ್ಪಯ್ಯ ಅಂದರೂ ಕದಲಿರಲಿಲ್ಲ. ಸೋದರಸೊಸೆಯ ಮುಖ ನೋಡಿದಳು. ರಾತ್ರಿಯೆಲ್ಲ ನಿದ್ದೆ ಮಾಡದ ಮುಖ, ಆದರೂ ಹೊಳೆಯುತ್ತಿತ್ತು. ಅತ್ತೆಯ ಮನಸ್ಸು ಕರಗಿತು. ಪೆನ್ನಿನ ಮುಚ್ಚಳ ತೆಗೆದಳು.

ಹುಡುಗಿ ಹತ್ತಿ ಕೂತಳು. ಗಿಡ್ಡ ಹುಡುಗಿ, ಪೆಡಲಿಗೆ ಕಾಲು ಎಟುಕಬೇಕಾದರೆ ಸೀಟನ್ನು ಪೂರ್ತಿ ಮುಂದಕ್ಕೆ ತಂದುಕೊಳ್ಳಬೇಕು. ತಂದುಕೊಂಡು ಸೊಂಟವನ್ನು ಬಲಕ್ಕೊಮ್ಮೆ, ಎಡಕ್ಕೊಮ್ಮೆ ಕುಲುಕಿದಳು. ಮೇಷ್ಟ್ರು ಬಾಲದ ಕಡೆಯಿಂದ ಕೊನೆಯ ಪಾಠ ಒಪ್ಪಿಸಿಕೊಳ್ಳುತ್ತಿದ್ದರು.

“ನೆಲ ಬಿಟ್ಟ ಕೂಡಲೇ ಏನು ಮಾಡಬಾರದು?”

“ಚುಕ್ಕಾಣಿ ಜೋರಾಗಿ ಎಳೀಬಾರದು.”

“ಎಳೆದ್ರೆ?”

“ಬಾಲದ ಪಟ್ಟಿ ಮೇಲೇಳತ್ತೆ, ಮೂಗು ಆಕಾಶ ನೋಡತ್ತೆ, ವೇಗ ಸತ್ತು ವಿಮಾನ ಕಲ್ಲಿನ ಹಾಗೆ ಬೀಳತ್ತೆ.”

“ಭೇಷ್!”

ಅತ್ತೆಯ ಪೆನ್ನು ಕಾಗದ ಮುಟ್ಟುವ ಮೊದಲೇ ನಿಂತಿತು. “ಈಗ ಅದೇನೇ ಕುಲುಕಿದ್ದು?”

“ಯಾವುದತ್ತೆ? ಓ, ಅದಾ? ಅಜ್ಜಿಗೆ ಎರಡು ಸಲ ಕುಲುಕಿದ್ರೇನೇ ಸಮಾಧಾನ. ಇಲ್ಲದಿದ್ರೆ ಪಿನ್ನು ಹಳಿಯ ತೂತಿಗೆ ಪೂರ್ತಿ ಇಳಿಯಲ್ಲ. ಅಪ್ಪ ಎಲ್ಲರಿಗೂ ಮೊದಲ ದಿನಾನೇ ಹೇಳಿಕೊಡ್ತಾರಲ್ಲ.”

ಒಂದು ಕಾಲದಲ್ಲಿ ಅತ್ತೆಯೂ ಇದೇ ಅಣ್ಣನಿಂದ, ಇದೇ ಅಜ್ಜಿಯಲ್ಲಿ ಪಾಠ ಹೇಳಿಸಿಕೊಂಡವಳು. ಬೆಳಗ್ಗೆ ಪರೀಕ್ಷೆಗೆಂದು ಕೂತಾಗ ತಾನೂ ಎರಡು ಸಲ ಕುಲುಕಿಯೇ ಕೂತಿದ್ದಳು! ಸೀಟಿನ ರೋಗಕ್ಕೆ ಇಡೀ ಶಾಲೆ ಮದ್ದು ಕಲಿತು, ರೋಗವನ್ನೇ ಮರೆತುಬಿಟ್ಟಿತ್ತು. ಪೆನ್ನಿಗೆ ಮುಚ್ಚಳ ಹಾಕಿ ಜೇಬಿಗಿಟ್ಟಳು.

“ಹಿಂದೆ ಜರುಗಿ ಮತ್ತೆ ಮುಂದೆ ಬಾ. ಈ ಸಲ ಕುಲುಕಬೇಡ.”

ಹುಡುಗಿಗೆ ಅದು ಸುಲಭವಾಗಲಿಲ್ಲ. ಸೊಂಟ ತಾನಾಗಿ ಅಲುಗಲು ಹೋಯಿತು, ನಗು ಬಂತು. ಕೊನೆಗೆ ಹೇಗೋ ಬಿಗಿಹಿಡಿದು ಕೂತಳು. ಟಕ್ಕೆಂಬ ಸದ್ದಾಯಿತು. “ಬಿತ್ತು ಅತ್ತೆ, ಪಿನ್ನು ಬಿತ್ತು!”

“ಬೆಲ್ಟ್ ಹಾಕ್ಕೊ. ಅಣ್ಣ, ಬಾಲ ಕೆಳಗೆ ಒತ್ತು. ಏರುವಾಗ ಮೂಗು ಎಷ್ಟು ಎತ್ತತ್ತೋ ಅಷ್ಟು ಎತ್ತಲಿ.”

“ನಿನ್ನ ಅನುಮಾನಕ್ಕೆ ಮದ್ದಿಲ್ಲ ಬಿಡು,” ಎಂದು ಗೊಣಗುತ್ತಲೇ ಮೇಷ್ಟ್ರು ಎರಡೂ ಕೈ ಊರಿ ಬಾಲ ಒತ್ತಿದರು. ಮುಂದಿನ ಗಾಲಿ ನೆಲ ಬಿಟ್ಟಿತು. ಏನೂ ಆಗಲಿಲ್ಲ. ಮೇಷ್ಟ್ರ ಮುಖ ಅರಳಿತು.

“ನೋಡಿದ್ಯಾ? ನಾನು ಹೇಳ್ಲಿಲ್ವಾ...”

ಸರ್ರನೆ ಏನೋ ಜಾರಿತು. ಸೀಟು ಹಳಿಯ ಹಿಂದಿನ ತುದಿಗೆ ಹೋಗಿ ಬಡಿಯಿತು, ಹುಡುಗಿ ಕಿರುಚಿದಳು. ಅದೇ ಗಳಿಗೆಯಲ್ಲಿ ಮೇಷ್ಟ್ರ ಕೈಗಳ ಪಕ್ಕದಲ್ಲೇ ಬಾಲದ ಪಟ್ಟಿ ಫಟ್ಟನೆ ಮೇಲೆದ್ದು ನಿಂತಿತು.

“ಎಳೀಬೇಡ! ಚುಕ್ಕಾಣಿ ಬಿಡು!” ಎಂದು ಕೂಗಿದರು.

“ನಾನೆಲ್ಲಿ ಎಳೆದೆ ಅಪ್ಪ?” ಒಳಗಿನಿಂದ ಹುಡುಗಿಯ ದನಿ ಬಂತು. “ಬೀಳ್ತೀನಿ ಅಂತ ಕೈಗೆ ಸಿಕ್ಕಿದ್ದನ್ನ ಹಿಡ್ಕೊಂಡೆ, ಅಷ್ಟೇ.”

ಪಟ್ಟಿ ನಿಧಾನವಾಗಿ ಇಳಿಯಿತು. ತಂಗಿ ಸೀಟು ಬಿಚ್ಚುವ ಸ್ಪ್ಯಾನರ್ ತಂದಳು.

“ಬಾಲ ಬಿಡಣ್ಣ. ಮಗು ಇಳೀಲಿ.”

ಮೇಷ್ಟ್ರು ಬಿಡಲಿಲ್ಲ. ಬಾಲವನ್ನು ಹಾಗೇ ಅವುಚಿ ಹಿಡಿದು ನಿಂತಿದ್ದರು. ಮೈದಾನದಾಚೆ, ವಿಮಾನದ ಮೂಗು ಮೇಲೆದ್ದದ್ದನ್ನಷ್ಟೇ ಕಂಡ ಹುಡುಗಿಯ ಅಮ್ಮ ಕುರ್ಚಿಯಿಂದೆದ್ದು ಚಪ್ಪಾಳೆ ತಟ್ಟುತ್ತಿದ್ದಳು.