ಪಾಲಿಗೆ ಬಂದ ಸ್ಪೀಕರು

ವಂದನಾ ತನ್ನ ಫೋನಿನಲ್ಲಿ ಇನ್ನೂ ಯಾವ ಹಾಡನ್ನೂ ಒತ್ತಿರಲಿಲ್ಲ. ಅಷ್ಟರಲ್ಲೇ ಸ್ಪೀಕರಿನೊಳಗೆ ಯಾರೋ ಕೆಮ್ಮಿದರು. ಹಿಂದೆಯೇ ಮದ್ದಲೆಯ ಪೆಟ್ಟು, ಆಮೇಲೆ ತೀರಿಹೋದ ಅಜ್ಜನ ಸ್ವರ. ಹಿಂದೆಂದೋ ತಾಳಮದ್ದಲೆಯೊಂದರಲ್ಲಿ ಪಾತ್ರಧಾರಿಯಾಗಿ ಕೂತು ಅವನು ಅರ್ಥ ಹೇಳಿದ್ದರ ರೆಕಾರ್ಡಿಂಗು. ಕುರ್ಚಿಯಲ್ಲಿದ್ದ ಅಪ್ಪ ಮಹಾಗಣಪತಿ ಎದ್ದು ನಿಂತ.

"ಯಾರು ಹಾಕಿದ್ದು?"

"ಆನಲ್ಲ ಅಪ್ಪ," ಎಂದಳು ವಂದನಾ. ಹಳೆಯ ಸ್ಪೀಕರಿಗೆ ಬೆಂಕಿಪೊಟ್ಟಣದಷ್ಟೇ ಇರುವ ಕಂಪ್ಯೂಟರೊಂದನ್ನು ಅವಳು ಆಗಷ್ಟೇ ಜೋಡಿಸಿ ಮುಗಿಸಿದ್ದಳು. ಇನ್ನು ಮನೆಯ ವೈಫೈ ಸಿಗುವ ಯಾವ ಫೋನಿನಿಂದಲೂ ಅದರಲ್ಲಿ ಹಾಡು ಹಾಕಬಹುದು. ಕುಮಟೆಯ ಈ ಮನೆ ಪಾಲಾಗಿ ನಡುವೆ ಗೋಡೆ ಎದ್ದಾಗ ಸ್ಪೀಕರು ಅಪ್ಪನಿಗೆ ಬಂದಿತ್ತು, ಅಜ್ಜನ ಕ್ಯಾಸೆಟ್ಟುಗಳು ಚಿಕ್ಕಪ್ಪ ಶ್ರೀರಾಮನಿಗೆ ಹೋಗಿದ್ದವು. ಅವತ್ತಿನಿಂದ ಅಣ್ಣತಮ್ಮಂದಿರಲ್ಲಿ ಮಾತಿಲ್ಲ. ಚಿಕ್ಕಪ್ಪ ಕ್ಯಾಸೆಟ್ಟುಗಳನ್ನು ಫೋನಿಗೆ ಇಳಿಸಿಕೊಂಡಿದ್ದು ಇವರಿಗೆ ಗೊತ್ತಿರಲಿಲ್ಲ. ಪಾಲಾದ ಮೇಲೂ ಅವನ ಫೋನು ಈ ಮನೆಯ ವೈಫೈಯನ್ನೇ ಹಿಡಿಯುತ್ತಿತ್ತು; ಪಾಸ್‌ವರ್ಡ್ ಬದಲಿಸಬೇಕೆಂದು ಯಾರಿಗೂ ಹೊಳೆದಿರಲಿಲ್ಲ.

ಗೋಡೆಯಾಚೆ ಚಿಕ್ಕಪ್ಪ ಗೊಣಗುವುದು ಕೇಳಿಸಿತು. "ಎಂತ ಆತು ಈ ಫೋನಿಗೆ? ಓಡ್ತಾ ಇದ್ದು, ಸ್ವರವೇ ಬತ್ತಿಲ್ಲೆ."

ಅಪ್ಪ ಬಿರಬಿರನೆ ಸ್ಪೀಕರಿನ ಕಡೆ ನಡೆದ. ವೈರು ಕಿತ್ತೇ ಬಿಡುತ್ತಾನೆಂದುಕೊಂಡಳು ವಂದನಾ.

"ಬಂದ್ ಮಾಡ್ಲಾ ಅಪ್ಪ?"

"ತಡೆ."

ಆ ಭಾರದ ಪೆಟ್ಟಿಗೆಯನ್ನು ಅವನು ತಬ್ಬಿ ಹಿಡಿದು ಮೆಲ್ಲಗೆ ತಿರುಗಿಸಿದ. ಅದರ ಮುಖ ಗೋಡೆಗೆ ತಾಗುವಷ್ಟು ಹತ್ತಿರ ದೂಡಿ, ಗುಂಡಿ ತಿರುವಿ ಸ್ವರ ಏರಿಸಿದ. ಆಚೆಯ ಗೊಣಗಾಟ ನಿಂತಿತು. ಸ್ವಲ್ಪ ಹೊತ್ತಿನ ಮೇಲೆ, ಕುರ್ಚಿಯೊಂದನ್ನು ಗೋಡೆಯ ಬುಡಕ್ಕೆ ಎಳೆದುಕೊಂಡ ಸದ್ದು ಕೇಳಿಸಿತು.