ಪುಕ್ಕಟೆ ಡ್ರೈವರ್

ಗ್ರಾಫಿಕ್ಸ್ ಕಾರ್ಡಿನ ಡಬ್ಬಿಯನ್ನು ಆಕೆ ಮೇಜಿನ ಮೇಲಿಟ್ಟಳು. ಕಾರ್ಡ್ ಕಂಪನಿಯ ಸಪೋರ್ಟ್ ಮ್ಯಾನೇಜರ್ ಡಬ್ಬಿಯನ್ನು ನೋಡಲಿಲ್ಲ, ಆಕೆಯ ನರೆತ ಕೂದಲನ್ನು ನೋಡಿದ.

“ನಿಮ್ಮ ಹೊಸ ಕಾರ್ಡು ಲಿನಕ್ಸ್ ಹಾಕಿರೋ ಕಂಪ್ಯೂಟರಲ್ಲಿ ಓಡ್ತಿಲ್ಲ. ಅದಕ್ಕೆ ಬೇಕಾದ ಡ್ರೈವರ್ ಸಾಫ್ಟ್‌ವೇರೇ ನೀವು ಕೊಟ್ಟಿಲ್ಲ.”

“ಕೊಡೋದೂ ಇಲ್ಲ ಮೇಡಂ. ಲಿನಕ್ಸ್ ಬಳಸೋರು ನೂರಕ್ಕೆ ಇಬ್ಬರು, ಗಲಾಟೆ ಮಾತ್ರ ಇನ್ನೂರು ಜನರದ್ದು. ಎಲ್ಲರ ಹಾಗೆ ವಿಂಡೋಸ್ ಹಾಕ್ಕೊಳ್ಳಿ. ನಿಮಗೆ ಬರದಿದ್ರೆ ಮಗನಿಗೆ ಹೇಳಿ.”

“ಡಬ್ಬಿ ಮೇಲೆ ‘ಲಿನಕ್ಸ್‌ನಲ್ಲೂ ಕೆಲಸ ಮಾಡುತ್ತದೆ’ ಅಂತ ಅಚ್ಚು ಹಾಕಿದ್ದೀರಲ್ಲ?”

“ಹಳೇ ಕಾರ್ಡುಗಳೆಲ್ಲ ಮಾಡ್ತಿದ್ವು, ಅದಕ್ಕೆ ಹಾಕಿದ್ದು.”

“ಅವಕ್ಕೆ ಡ್ರೈವರ್ ನೀವು ಬರೆದ್ರಾ?”

ಅವನು ನಕ್ಕ. “ನಾವ್ಯಾಕೆ ಬರೀಬೇಕು? ಯಾವನೋ ಕೆಲಸವಿಲ್ಲದವನು ಆರು ವರ್ಷದಿಂದ ಪುಕ್ಕಟೆ ಬರ್ಕೊಡ್ತಿದ್ದಾನೆ. ಇದಕ್ಕೂ ಬರೀತಾನೆ ಬಿಡಿ.”

“ಕಾರ್ಡಿನ ಒಳಗಿನ ವಿವರ ಕೊಡದೆ ಹೇಗೆ ಬರೆಯೋದು? ಅದನ್ನಾದ್ರೂ ಕೊಡಿ.”

“ಅದು ಕಂಪನಿ ಗುಟ್ಟು. ಹೇಗೆ ಬರೀತಾನೋ ಅದು ಅವನ ತಲೆನೋವು. ಡ್ರೈವರ್ ಜೊತೆ ಫೋನ್ ನಂಬರ್ ಹಾಕಿರ್ತಾನೆ. ತಡೀರಿ, ನಿಮ್ಮೆದುರೇ ನಾಲ್ಕು ಮಾತು ಗದರಿಸ್ತೀನಿ, ನಾಳೆನೇ ಬರ್ದು ಹಾಕ್ತಾನೆ.”

ಅವನು ನಂಬರ್ ಒತ್ತಿ, ಆಕೆಗೂ ಕೇಳಲೆಂದು ಸ್ಪೀಕರ್ ಹಾಕಿ, ಕುರ್ಚಿಗೆ ಒರಗಿ ಕಾಲ ಮೇಲೆ ಕಾಲು ಹಾಕಿಕೊಂಡ.

ಆಕೆಯ ವ್ಯಾನಿಟಿ ಬ್ಯಾಗಿನೊಳಗೆ ಫೋನ್ ರಿಂಗಾಯಿತು.